ಅಮೂರ್ತ ನಿಸರ್ಗಚಿತ್ರದಲ್ಲಿ ಬಣ್ಣ ಮತ್ತು ಗೆರೆ: ಯಾವುದು ಮೊದಲು, ಯಾವುದು ಆಮೇಲೆ

ಅಮೂರ್ತ ನಿಸರ್ಗಚಿತ್ರ (ಕಂಡದ್ದನ್ನು ಕಂಡ ಹಾಗೇ ಬರೆಯದೆ ಬಣ್ಣ, ಗೆರೆಯಲ್ಲೇ ಹಿಡಿಯುವ ಚಿತ್ರ) ಮಾಡಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಪೆನ್ಸಿಲ್ಲಿನಲ್ಲಿ ಗುಡ್ಡ, ಮರ, ಹೊಲದ ಹೊರಗೆರೆ ಹಾಕುತ್ತಾರೆ. ಅದರೊಳಗೆ ಗುಲಾಬಿಯನ್ನೋ ನೇರಳೆಯನ್ನೋ ತುಂಬುತ್ತಾರೆ. ಕೊನೆಗೆ ಪೆನ್ಸಿಲ್ ಗೆರೆಯ ಮೇಲೇ ಕಪ್ಪು ಬಳಿಯುತ್ತಾರೆ. ಬಣ್ಣ ಎಷ್ಟೇ ವಿಚಿತ್ರವಾಗಿರಲಿ, ಚಿತ್ರ ಮಾತ್ರ ಮಕ್ಕಳ ಕಲರಿಂಗ್ ಬುಕ್ಕಿನ ಪುಟದ ಹಾಗೆ ಕಾಣುತ್ತದೆ.

ತಪ್ಪು ಬಣ್ಣದ ಆಯ್ಕೆಯಲ್ಲಿಲ್ಲ. ಕೆಲಸದ ಕ್ರಮದಲ್ಲಿದೆ. ಗೆರೆ ಬಣ್ಣವನ್ನು ಕಟ್ಟಿಹಾಕಬಾರದು, ಬಣ್ಣ ಗೆರೆಯ ಹೊಟ್ಟೆ ತುಂಬಿಸಬಾರದು. ಎರಡಕ್ಕೂ ಬೇರೆ ಬೇರೆ ಕೆಲಸ ಇರಬೇಕು. ಈ ಮಾರ್ಗದರ್ಶಿಯ ಏಳು ಹಂತಗಳೂ ಅದಕ್ಕಾಗಿಯೇ ಇವೆ.

ಉದಾಹರಣೆಗೆ ನವಲಗುಂದ, ನರಗುಂದದ ಕಡೆಯ ಎರೆಹೊಲವನ್ನು ತಗೊಂಡಿದ್ದೇನೆ. ಹಿಂಗಾರಿ ಬೆಳೆಯ ಕಾಲ. ಕಪ್ಪು ಮಣ್ಣು, ಬಿಳಿಜೋಳ, ಕಡಲೆ, ನಡುವೆ ಕುಸುಬಿಯ ಹಳದಿ ಪಟ್ಟಿ, ಕಣ್ಣು ಹಾಯಿಸಿದಷ್ಟೂ ಬಯಲು. ಬಣ್ಣ ಕಡಿಮೆ, ಗೆರೆ ಜಾಸ್ತಿ. ಕಲಿಯೋದಕ್ಕೆ ಇಂಥ ಜಾಗವೇ ಒಳ್ಳೆಯದು. ನಿಮ್ಮ ಕಡೆ ಅಡಿಕೆ ತೋಟವೋ ಕಡಲ ದಂಡೆಯೋ ಇದ್ದರೆ ಅದನ್ನೇ ತಗೊಳ್ಳಿ, ಹಂತಗಳು ಬದಲಾಗುವುದಿಲ್ಲ.

## ಏನೇನು ಬೇಕು

ಅಕ್ರಿಲಿಕ್ ಬಣ್ಣ ಐದು ಟ್ಯೂಬ್: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಟೈಟಾನಿಯಂ ವೈಟ್. ಕಪ್ಪು ಬೇಡ. ಯಾಕೆ ಅನ್ನೋದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಹನ್ನೆರಡು ಬಣ್ಣದ ಡಬ್ಬ ಮನೆಯಲ್ಲಿದ್ದರೂ ಉಳಿದವನ್ನು ಕಣ್ಣಿಗೆ ಬೀಳದ ಕಡೆ ಎತ್ತಿಡಿ.

300 ಜಿಎಸ್ಎಂ ದಪ್ಪದ ಎ3 ಹಾಳೆ. ತೆಳು ಹಾಳೆ ನೀರು ಕುಡಿದು ಉಬ್ಬುತ್ತದೆ, ಆಗ ಗೆರೆ ನೇರವಾಗಿ ಓಡುವುದಿಲ್ಲ. ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ.

ಒಂದಿಂಚಿನ ಚಪ್ಪಟೆ ಬ್ರಷ್, ಅರ್ಧ ಇಂಚಿನದು ಇನ್ನೊಂದು, ಉದ್ದ ಕೂದಲಿನ ತೆಳು ಬ್ರಷ್ (ಅಂಗಡಿಯಲ್ಲಿ ರಿಗ್ಗರ್ ಅಂತ ಕೇಳಿ), ಒಂದು ಪ್ಯಾಲೆಟ್ ನೈಫ್ (ಬಣ್ಣ ಬೆರೆಸಲು, ಬಳಿಯಲು ಬಳಸುವ ಚಪ್ಪಟೆ ಚಾಕು), ಇದ್ದಿಲ ಕಡ್ಡಿ, ನೀರು ಸಿಂಪಡಿಸುವ ಬಾಟಲಿ, ಹಳೆ ಬನಿಯನ್ ಬಟ್ಟೆ. ಇದರ ಜೊತೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗಿಗೆ ಮೇಲೆ ಹಾಕುತ್ತಾರಲ್ಲ, ಆ ಪಾರದರ್ಶಕ ಹಾಳೆ ಎರಡು ಮತ್ತು ಒಂದು ವೈಟ್‌ಬೋರ್ಡ್ ಮಾರ್ಕರ್ ತಗೊಳ್ಳಿ. ಹಾಳೆ ಎ4 ಅಳತೆಯದಾದರೆ ಎರಡನ್ನೂ ಅಕ್ಕಪಕ್ಕ ಅಂಟಿಸಿ. ಆರನೇ ಹಂತದಲ್ಲಿ ಇದು ಇಲ್ಲದೆ ಕೈ ಹಾಕಬೇಡಿ.

## ಹಂತ 1: ಹೊಲ ನೋಡಿ, ಗೆರೆ ಹೆಕ್ಕಿ

ಜಾಗಕ್ಕೆ ಹೋಗಿ ಕೂತು ನೋಡುವುದು ಒಳ್ಳೆಯದು. ಆಗದಿದ್ದರೆ ನೀವೇ ತೆಗೆದ ಫೋಟೋ ಆದೀತು. ಇಂಟರ್ನೆಟ್ಟಿನಿಂದ ಇಳಿಸಿದ ಫೋಟೋ ಬೇಡ. ಅದರಲ್ಲಿ ಏನಿರಬೇಕು, ಏನು ಬಿಡಬೇಕು ಅನ್ನೋದನ್ನ ಬೇರೆ ಯಾರೋ ಆಗಲೇ ತೀರ್ಮಾನಿಸಿರುತ್ತಾರೆ.

ಈಗ ಸುಮ್ನೆ ಇದ್ದಿಲು ಹಿಡಿದು ಗೆರೆ ಎಳೆಯಿರಿ. ಒಂದು ನಿಯಮ ಇದೆ: ಯಾವ ವಸ್ತುವಿನ ಸುತ್ತಲೂ ಗೆರೆ ಹಾಕಬಾರದು. ಮರ ಕಂಡರೆ ಮರದ ಆಕಾರ ಬೇಡ, ಅದು ವಾಲಿರುವ ದಿಕ್ಕು ಒಂದು ಗೆರೆ. ಬದು ಎಲ್ಲಿ ತಿರುಗುತ್ತದೆ, ಕುಂಟೆ ಹೊಡೆದ ಸಾಲು ಎತ್ತ ಓಡುತ್ತದೆ, ಒಣಗಿದ ಎರೆಯಲ್ಲಿ ಬಿರುಕು ಹೇಗೆ ಕವಲೊಡೆದಿದೆ, ಬಂಡಿದಾರಿ ಎಲ್ಲಿ ಮರೆಯಾಗುತ್ತದೆ, ಇಷ್ಟನ್ನೇ ಹಿಡಿಯಿರಿ. ಕಣ್ಣು ಹೊಲದ ಮೇಲಿರಲಿ, ಹಾಳೆ ನೋಡಬೇಡಿ. ಅಂಕುಡೊಂಕಾದರೆ ಆಗಲಿ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಅಲ್ಲಿ ಗೆರೆ ಮೈಯನ್ನು ಸುತ್ತುವರಿಯುವುದಿಲ್ಲ, ಮೈ ತಿರುಗಿದ ಕಡೆ ಹೋಗುತ್ತದೆ. ನಡುವೆ ಕಡಿಯುತ್ತದೆ, ಮತ್ತೆ ಸಿಗುತ್ತದೆ. ಹೊಲದಲ್ಲಿ ನಿಮಗೆ ಬೇಕಾದದ್ದು ಅಂಥ ಗೆರೆಯೇ.

ಹೀಗೆ ಏಳೆಂಟು ಹಾಳೆ ತುಂಬಿಸಿ. ಆಮೇಲೆ ಎಲ್ಲವನ್ನೂ ನೆಲಕ್ಕೆ ಹರಡಿ, ಮತ್ತೆ ಮತ್ತೆ ಬಂದಿರುವ ಗೆರೆ ಯಾವುದು ಅಂತ ಹುಡುಕಿ. ಎರೆಹೊಲದಲ್ಲಿ ಹೆಚ್ಚಾಗಿ ಮೂರು ಸಿಗುತ್ತವೆ: ಉದ್ದಕ್ಕೆ ಮಲಗಿದ ಬದು, ಅದನ್ನು ಓರೆಯಾಗಿ ಕತ್ತರಿಸುವ ಸಾಲು, ಚೂಪು ಚೂಪಾದ ಬಿರುಕು. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹಾಳೆಗಳನ್ನು ಎತ್ತಿಡಿ. ಆರನೇ ಹಂತದ ತನಕ ಅವನ್ನು ಮುಟ್ಟುವ ಹಾಗಿಲ್ಲ.

## ಹಂತ 2: ಬಣ್ಣಕ್ಕೂ ಮೊದಲು ಮೂರು ಬೂದು

ಎಲ್ಲರೂ ಹಾರಿಸುವ ಹಂತ ಇದು. ಚಿತ್ರ ಕೆಡುವುದಕ್ಕೆ ಬೀಜ ಬೀಳುವುದೂ ಇಲ್ಲೇ.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಐದಾರು ಚೌಕ ಬರೆದುಕೊಳ್ಳಿ. ಪ್ರತಿ ಚೌಕವನ್ನೂ ತಿಳಿ, ನಡು, ಗಾಢ ಎಂಬ ಮೂರೇ ಬೂದು ಬಣ್ಣದಲ್ಲಿ ಹಂಚಿ. ಮೂರಕ್ಕೂ ಸಮಪಾಲು ಕೊಡಬೇಡಿ. ಒಂದು ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿಯಬೇಕು, ಇನ್ನೊಂದು ಉಳಿದದ್ದರಲ್ಲಿ ಹೆಚ್ಚು ಪಾಲು, ಮೂರನೆಯದು ಚೂರೇ ಚೂರು. ಎರೆಹೊಲಕ್ಕೆ ಗಾಢ ಬೂದು ಮುಕ್ಕಾಲು ಪಾಲು ಹಿಡಿದರೂ ತಪ್ಪಿಲ್ಲ. ಮೂರೂ ಸಮ ಆದರೆ ಚಿತ್ರ ಮೂರು ಪಟ್ಟಿಯ ಬಟ್ಟೆ ಆಗಿಬಿಡುತ್ತದೆ.

ದಿಗಂತ ಎಲ್ಲಿ ಬರಬೇಕು ಅನ್ನೋದನ್ನೂ ಇಲ್ಲೇ ತೀರ್ಮಾನಿಸಿ. ಹಾಳೆಯ ನಟ್ಟನಡುವೆ ಅಡ್ಡಗೆರೆ ಬಿದ್ದರೆ ನೋಡುವವರು ಮೇಲಿನದು ಆಕಾಶ, ಕೆಳಗಿನದು ನೆಲ ಅಂತ ಓದಿ ಮುಗಿಸುತ್ತಾರೆ. ದಿಗಂತವನ್ನು ಮೇಲಿನ ಅಂಚಿಗೆ ಒತ್ತಿ, ಇಲ್ಲಾಂದ್ರೆ ಪೂರ್ತಿ ಬಿಟ್ಟುಬಿಡಿ. ಹಾಳೆಯನ್ನು ಉದ್ದುದ್ದ ನಿಲ್ಲಿಸಿ ಕೆಲಸ ಮಾಡುವುದೂ ಒಂದು ಉಪಾಯ. ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ 1967ರಲ್ಲಿ ಸಾಂಟಾ ಮೋನಿಕಾದಲ್ಲಿ ಶುರು ಮಾಡಿದ ಓಶನ್ ಪಾರ್ಕ್ ಸರಣಿಯ ಕ್ಯಾನ್ವಾಸುಗಳು ಬಹುಪಾಲು ಹೀಗೆ ನಿಂತಿರುವಂಥವೇ. ಕಡಲ ಪಕ್ಕದ ಜಾಗ, ಆದರೂ ಚಿತ್ರ ಅಡ್ಡಡ್ಡ ಮಲಗುವುದಿಲ್ಲ.

ಚೌಕಗಳನ್ನು ಗೋಡೆಗೆ ಅಂಟಿಸಿ ಕೋಣೆಯ ಆ ತುದಿಯಿಂದ ನೋಡಿ. ದೂರದಿಂದ ಯಾವುದು ಗಟ್ಟಿಯಾಗಿ ಕಾಣುತ್ತದೋ ಅದನ್ನೇ ಆರಿಸಿ. ಹತ್ತಿರದಿಂದ ಚಂದ ಕಂಡದ್ದು ಲೆಕ್ಕಕ್ಕಿಲ್ಲ.

## ಹಂತ 3: ಬಣ್ಣ ಬೆರೆಸಿ, ಪಕ್ಕ ಪಕ್ಕ ಇಟ್ಟು ನೋಡಿ

ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನಾ ಬೆರೆಸಿ. ಹೆಚ್ಚುಕಮ್ಮಿ ಸಮಪಾಲಿನಲ್ಲಿ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಬರುತ್ತದೆ. ನೀಲಿ ಚೂರು ಜಾಸ್ತಿ ಆದರೆ ಮಳೆ ಬಿದ್ದ ಎರೆ, ಸಿಯೆನಾ ಜಾಸ್ತಿ ಆದರೆ ಒಣ ಎರೆ. ಟ್ಯೂಬಿನ ಕಪ್ಪಿನಲ್ಲಿ ಈ ಆಟ ಇಲ್ಲ. ಅದು ಹಾಳೆಯ ಮೇಲೆ ತೂತು ಬಿದ್ದ ಹಾಗೆ ಕೂತುಬಿಡುತ್ತದೆ. ಕಪ್ಪು ಬೇಡ ಅಂದದ್ದು ಇದಕ್ಕೇ.

ಉಳಿದವು ಹೀಗೆ. ಓಕರಿಗೆ ಬಿಳಿ ಸೇರಿಸಿ, ಅದಕ್ಕೆ ಗಾಢ ಬಣ್ಣದ ಒಂದು ತೊಟ್ಟು ಬಿಟ್ಟರೆ ಒಣಗಿದ ಜೋಳದ ದಂಟಿನ ಬಣ್ಣ. ಲೆಮನ್ ಯೆಲ್ಲೋಗೆ ಸಿಯೆನಾ ತಾಗಿಸಿದರೆ ಕುಸುಬಿ. ಅಲ್ಟ್ರಾಮರೀನಿಗೆ ಓಕರ್ ಬೆರೆಸಿದರೆ ಮಂಕು ಹಸಿರು, ಲೆಮನ್ ಬೆರೆಸಿದರೆ ಸ್ವಲ್ಪ ಎಳೆ ಹಸಿರು. ಬಿಳಿಗೆ ಗಾಢ ಬಣ್ಣ ಚೂರು ಹಾಕಿದರೆ ಬಿಸಿಲಿಗೆ ಬಿಳಿಚಿದ ಆಕಾಶದ ಬೂದು. ಐದು ಟ್ಯೂಬಿನಿಂದ ಇಷ್ಟೆಲ್ಲ ಬರುತ್ತದೆ. ಎಲ್ಲವೂ ಒಂದೇ ಮೂಲದ್ದಾದ್ದರಿಂದ ಪಕ್ಕ ಪಕ್ಕ ಇಟ್ಟರೆ ಜಗಳ ಆಡುವುದಿಲ್ಲ. ಭಾರತದ ಚಿತ್ರಕಾರ ರಾಮ್ ಕುಮಾರ್ 1960ರ ದಶಕದಲ್ಲಿ ಮಾಡಿದ ವಾರಾಣಸಿಯ ಚಿತ್ರಗಳಲ್ಲಿ ಬಹುಪಾಲು ಬೂದು, ಕಂದು, ಕಪ್ಪು, ಅಷ್ಟೇ. ಬಣ್ಣ ಕಡಿಮೆ ಆಯಿತು ಅಂತ ಅವನ್ನು ನೋಡಿದಾಗ ಅನ್ನಿಸುವುದಿಲ್ಲ.

ಬೆರೆಸಿದ ಪ್ರತಿ ಬಣ್ಣವನ್ನೂ ಕಾಗದದ ತುಂಡಿಗೆ ಬಳಿದು ಒಣಗಲು ಬಿಡಿ. ಅಕ್ರಿಲಿಕ್ ಹಸಿಯಿದ್ದಾಗಿನದಕ್ಕಿಂತ ಒಣಗಿದ ಮೇಲೆ ಸ್ವಲ್ಪ ಗಾಢ ಆಗುತ್ತದೆ. ಅದರ ಅಂಟು ಹಸಿಯಲ್ಲಿ ಹಾಲಿನ ಬಣ್ಣ, ಒಣಗಿದಾಗ ಪಾರದರ್ಶಕ, ಅದಕ್ಕೇ ಹೀಗೆ. ಹಸಿ ಬಣ್ಣ ನೋಡಿ ತೀರ್ಮಾನಿಸಿದವರ ಚಿತ್ರ ಮರುದಿನ ಮಂಕಾಗಿ ಕಾಣೋದು ಇದರಿಂದಲೇ.

ಒಣಗಿದ ತುಂಡುಗಳನ್ನು ಕತ್ತರಿಸಿ ಒಂದರ ಪಕ್ಕ ಒಂದು ಇಟ್ಟು ನೋಡಿ. ಅದೇ ಓಕರ್ ಎರೆಯ ಕಪ್ಪಿನ ಪಕ್ಕ ಹೊಳೆಯುತ್ತದೆ, ಕುಸುಬಿ ಹಳದಿಯ ಪಕ್ಕ ಮಣ್ಣಾಗುತ್ತದೆ. ಒಂದೇ ಬಣ್ಣ ನೆರೆಹೊರೆಗೆ ತಕ್ಕಂತೆ ಬೇರೆ ಕಾಣುತ್ತದೆ. ಹಾಗಾಗಿ ಈ ಬಣ್ಣ ಚಂದ ಇದೆಯಾ ಅಂತ ಕೇಳಿಕೊಳ್ಳಬೇಡಿ, ಯಾವುದರ ಪಕ್ಕ ಚಂದ ಅಂತ ಕೇಳಿಕೊಳ್ಳಿ. ಇಲ್ಲಿ ಕಳೆದ ಅರ್ಧ ಗಂಟೆ ಮುಂದೆ ಎರಡು ಹಾಳೆ ಉಳಿಸುತ್ತದೆ.

ಕೊನೆಗೆ ಒಂದು ಬಣ್ಣವನ್ನು ಕಟ್ಟುನಿಟ್ಟಾಗಿ ಎತ್ತಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ಕುಸುಬಿಯ ಹಳದಿ. ಇಡೀ ಹಾಳೆಯಲ್ಲಿ ಅದು ಅಂಗೈಯಷ್ಟು ಜಾಗಕ್ಕಿಂತ ಹೆಚ್ಚು ಬರಬಾರದು.

## ಹಂತ 4: ತಳಬಣ್ಣ, ಆಮೇಲೆ ದೊಡ್ಡ ತುಂಡುಗಳು

ಬರ್ನ್ಟ್ ಸಿಯೆನಾಗೆ ನೀರು ಬೆರೆಸಿ ಹಾಳೆಯ ಪೂರ್ತಿ ತೆಳುವಾಗಿ ಬಳಿಯಿರಿ. ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಬಿಳಿ ಹಾಳೆಯ ಮೇಲೆ ಎಲ್ಲ ಬಣ್ಣವೂ ಇರುವುದಕ್ಕಿಂತ ಗಾಢ ಕಾಣುತ್ತದೆ, ಕೈಯೂ ಹೆದರುತ್ತದೆ. ತಳಬಣ್ಣ ಇದ್ದರೆ ಎರಡೂ ತೊಂದರೆ ಇಲ್ಲ.

ಈಗ ಒಂದಿಂಚಿನ ಬ್ರಷ್. ಚಿಕ್ಕ ಚೌಕದಲ್ಲಿ ಮಾಡಿದ ಬೂದು ಹಂಚಿಕೆಯನ್ನು ನೋಡಿಕೊಂಡು ನೇರವಾಗಿ ಬಣ್ಣದ ತುಂಡುಗಳನ್ನು ಇಡಿ. ಪೆನ್ಸಿಲ್ ಗುರುತು ಬೇಡವೇ ಬೇಡ. ಗಾಢ ಮೊದಲು, ನಡು ಆಮೇಲೆ, ತಿಳಿ ಕೊನೆಗೆ. ಹಳದಿ ಈಗಲೇ ಬೇಡ.

ಅಂಚುಗಳ ಮೇಲೆ ಗಮನ ಇರಲಿ. ಎರಡು ಬಣ್ಣ ಸೇರುವ ಕಡೆ ಮೂರು ಬಗೆ ಸಾಧ್ಯ. ಕೆಲವು ಕಡೆ ಚಾಕುವಿನಿಂದ ಕೊಯ್ದ ಹಾಗೆ ಚೂಪಾಗಿ ಇರಲಿ. ಕೆಲವು ಕಡೆ ಹಸಿ ಇರುವಾಗಲೇ ಒಣ ಬ್ರಷ್ ಎಳೆದು ಮಸುಕು ಮಾಡಿ. ಇನ್ನು ಕೆಲವು ಕಡೆ ಎರಡು ಬಣ್ಣದ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಖಾಲಿ ಬಿಡಿ. ಅಲ್ಲಿ ತಳದ ಕೆಂಗಂದು ಇಣುಕುತ್ತದೆ. ನೀವು ಗೆರೆ ಎಳೆದೇ ಇಲ್ಲ, ಆದರೂ ಗೆರೆ ಇದೆ! ಎರೆ ಮತ್ತು ಮಸಾರಿ (ಕೆಂಪು) ಮಣ್ಣು ಕೂಡುವ ಬದುಗಳಲ್ಲಿ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಈ ಪುಕ್ಕಟೆ ಗೆರೆಗಳು ಎಷ್ಟು ಸಿಕ್ಕರೆ ಆರನೇ ಹಂತದ ಕೆಲಸ ಅಷ್ಟು ಕಡಿಮೆ.

ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಅಕ್ರಿಲಿಕ್ ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ. ಫ್ಯಾನ್ ಆರಿಸಿ. ತಟ್ಟೆಯಲ್ಲಿ ಒದ್ದೆ ಸ್ಪಾಂಜ್ ಹಾಸಿ ಮೇಲೆ ಬಟರ್ ಪೇಪರ್ ಹಾಕಿ ಬಣ್ಣ ಇಟ್ಟುಕೊಂಡರೆ ಗಂಟೆಗಟ್ಟಲೆ ಹಸಿಯಾಗಿ ಉಳಿಯುತ್ತದೆ.

## ಹಂತ 5: ಕೈ ಕಟ್ಟಿ ನೋಡಿ

ಚಿತ್ರ ತಲೆಕೆಳಗು ಮಾಡಿ. ಫೋನಿನಲ್ಲಿ ಫೋಟೋ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಎರಡನೇ ಹಂತದ ಚೌಕದ ಪಕ್ಕ ಇಡಿ. ಎರಡೂ ಹೊಂದಬೇಕು. ಫೋಟೋದಲ್ಲಿ ಎಲ್ಲವೂ ಒಂದೇ ಬೂದಾಗಿ ಕಂಡರೆ ಗೆರೆಯ ಹಂತಕ್ಕೆ ಹೋಗಬೇಡಿ. ಗಾಢವನ್ನು ಇನ್ನೂ ಗಾಢ ಮಾಡಿ ಬನ್ನಿ. ಸಪ್ಪೆ ಬಣ್ಣವನ್ನು ಗೆರೆಯಿಂದ ಎತ್ತಬಹುದು ಅಂದುಕೊಳ್ಳುವವರು ಬಹಳ ಜನ. ಆಗುವುದಿಲ್ಲ, ಗೆರೆ ಹೆಚ್ಚಿದಷ್ಟೂ ಸಪ್ಪೆತನ ಎದ್ದು ಕಾಣುತ್ತದೆ.

## ಹಂತ 6: ಗೆರೆ

ಮೊದಲು ಪಾರದರ್ಶಕ ಹಾಳೆಯನ್ನು ಒಣಗಿದ ಚಿತ್ರದ ಮೇಲೆ ಹಾಸಿ. ಮೊದಲ ಹಂತದ ಚೀಟಿ ತೆಗೆಯಿರಿ: ಬದು, ಸಾಲು, ಬಿರುಕು. ಅವನ್ನು ಮಾರ್ಕರಿನಿಂದ ಪ್ಲಾಸ್ಟಿಕ್ಕಿನ ಮೇಲೆ ಎಳೆದು ನೋಡಿ. ಚೆನ್ನಾಗಿಲ್ಲವೇ, ಒರೆಸಿ. ಇನ್ನೊಂದು ಕಡೆ ಎಳೆಯಿರಿ. ಚಿತ್ರಕ್ಕೆ ಏನೂ ಆಗಿರುವುದಿಲ್ಲ. ಧೈರ್ಯವಾಗಿ ಎಳೆಯಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಎಳೆಯುವಾಗ ನೆನಪಿಡಬೇಕಾದವು:

1. ಗೆರೆ ಬಣ್ಣದ ಅಂಚಿನ ಮೇಲೆ ಓಡಬಾರದು. ಅಂಚು ಆಗಲೇ ಇದೆ, ಅದನ್ನು ಮತ್ತೆ ಹೇಳುವುದು ಯಾಕೆ? ಗೆರೆ ಕಡೇಪಕ್ಷ ಎರಡು ಬಣ್ಣಗಳನ್ನು ದಾಟಿ ಹೋಗಲಿ. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರ್ ಕೆನಡಾದ ನೋವಾ ಸ್ಕೋಷಿಯಾ ನೋಡಿಬಂದು 1952ರಲ್ಲಿ ಮಾಡಿದ ದೊಡ್ಡ ಕ್ಯಾನ್ವಾಸಿನಲ್ಲಿ ಇದ್ದಿಲ ಗೆರೆಗಳಿವೆ, ನೀರಿನಷ್ಟು ತೆಳುವಾದ ಬಣ್ಣವೂ ಇದೆ. ಆದರೆ ಬಣ್ಣ ಗೆರೆಯೊಳಗೆ ನಿಲ್ಲುವುದಿಲ್ಲ, ಅದರ ಪಾಡಿಗೆ ಅದು ಹರಿದಿದೆ. ಅಲ್ಲಿ ಗೆರೆ ಮೊದಲು ಬಂದಿತ್ತು ಅನ್ನೋದು ನಿಜ. ಕಲಿಯುವವರಿಗೆ ಮಾತ್ರ ಗೆರೆ ಆಮೇಲೆ ಬರೋದೇ ಕ್ಷೇಮ, ಮುಂಚೆ ಬಂದರೆ ತುಂಬುವ ಆಸೆ ತಡೆಯೋದು ಕಷ್ಟ.

2. ಒಂದೇ ದಪ್ಪ ಬೇಡ. ಶುರುವಲ್ಲಿ ಒತ್ತಿ, ನಡುವೆ ಸಡಿಲಿಸಿ, ಒಂದು ಕಡೆ ಕಡಿದು, ಮುಂದೆ ಮತ್ತೆ ಹಿಡಿಯಿರಿ. ಕಡಿದ ಜಾಗವನ್ನು ನೋಡುವವರ ಕಣ್ಣೇ ಜೋಡಿಸಿಕೊಳ್ಳುತ್ತದೆ.

3. ಗೆರೆಯ ಬಣ್ಣ ಚಿತ್ರದ ಇನ್ನೊಂದು ಮೂಲೆಯಿಂದ ಬರಲಿ. ಗಾಢ ಎರೆಯ ಮೇಲೆ ಜೋಳದ ದಂಟಿನ ಬಣ್ಣದ ಗೆರೆ, ತಿಳಿ ಜಾಗದ ಮೇಲೆ ಸಿಯೆನಾ. ಇದರಿಂದ ದೂರದೂರದ ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

4. ಉಳುಮೆಯ ಸಾಲುಗಳು ದೂರ ಹೋಗುತ್ತಾ ಒಂದು ಬಿಂದುವಿಗೆ ಸೇರುವಂತೆ ಎಳೆದರೆ ಮುಗಿಯಿತು, ಚಿತ್ರ ಮತ್ತೆ ಕ್ಯಾಲೆಂಡರಿನ ಹೊಲ ಆಗುತ್ತದೆ. ಸಾಲುಗಳು ಸಮಾನಾಂತರವಾಗಿಯೇ ಉಳಿಯಲಿ, ಇಲ್ಲವೇ ನಡುವೆ ದಿಕ್ಕು ಬದಲಿಸಲಿ. ಮೇಲಿನಿಂದ ನೋಡಿದ ಹೊಲ, ಎದುರಿನಿಂದ ನೋಡಿದ ಹೊಲ ಎರಡೂ ಒಂದೇ ಹಾಳೆಯಲ್ಲಿ ಇರಬಹುದು.

ಪ್ಲಾಸ್ಟಿಕ್ ಮೇಲೆ ತೃಪ್ತಿಯಾದ ಮೇಲೆ ಎಳೆದದ್ದರಲ್ಲಿ ಅರ್ಧ ಒರೆಸಿಹಾಕಿ. ತಮಾಷೆಗೆ ಹೇಳುತ್ತಿಲ್ಲ. ಉಳಿದದ್ದನ್ನು ಮಾತ್ರ ಚಿತ್ರಕ್ಕೆ ಇಳಿಸಿ.

ಇಳಿಸಲು ಹಲವು ದಾರಿ. ಬದುವಿಗೆ ರಿಗ್ಗರ್ ಬ್ರಷ್ ಸರಿ. ಬಣ್ಣ ಶಾಯಿಯಷ್ಟು ತೆಳುವಾಗಿರಬೇಕು, ಮಣಿಕಟ್ಟು ಅಲ್ಲ, ಭುಜದಿಂದ ಎಳೆಯಬೇಕು. ನಿಧಾನ ಮಾಡಿದರೆ ನಡುಗುತ್ತದೆ. ಸಾಲುಗಳಿಗೆ ಹಳೆ ಎಟಿಎಂ ಕಾರ್ಡಿನ ಅಂಚಿಗೆ ಬಣ್ಣ ಹಚ್ಚಿ ಒತ್ತಿ ಎಳೆಯಿರಿ, ಅರ್ಧ ಒಣಗಿದ ಒರಟು ಗೆರೆ ಬರುತ್ತದೆ. ಬಿರುಕುಗಳನ್ನು ಬಳಿಯುವುದಕ್ಕಿಂತ ಕೆರೆಯುವುದು ಮೇಲು. ಆ ಜಾಗಕ್ಕೆ ಹೊಸದಾಗಿ ಗಾಢ ಬಣ್ಣ ದಪ್ಪಗೆ ಹಾಕಿ, ಬಿಗಿಯುವ ಮೊದಲೇ ಬ್ರಷ್ಷಿನ ಹಿಂದಿನ ತುದಿಯಿಂದ ಗೀಚಿ. ಕೆಳಗಿನ ಬಣ್ಣ ಬಿರುಕಿನಲ್ಲಿ ಕಾಣುತ್ತದೆ. ನೆಟ್ಟಗಿನ ಚೂಪು ಅಂಚು ಬೇಕೆಂದರೆ ಮಾಸ್ಕಿಂಗ್ ಟೇಪ್. ಟೇಪಿನ ಅಂಚಿಗೆ ಮೊದಲು ಕೆಳಗಿರುವ ಬಣ್ಣವನ್ನೇ ಒಂದು ಸಲ ಬಳಿದು ಒಣಗಿಸಿ, ಆಮೇಲೆ ಹೊಸ ಬಣ್ಣ ಹಾಕಿ. ಇಲ್ಲದಿದ್ದರೆ ಅಡಿಯಲ್ಲಿ ಸೋರುತ್ತದೆ.

ಇದ್ದಿಲ ಗೆರೆಯೂ ಚೆನ್ನಾಗಿರುತ್ತದೆ. ಆದರೆ ಅದು ಅಕ್ರಿಲಿಕ್ಕಿನ ಮೇಲೆ ನಿಲ್ಲುವುದಿಲ್ಲ, ಕೈ ತಾಗಿದರೆ ಬಳಿದುಕೊಳ್ಳುತ್ತದೆ. ಇದ್ದಿಲು ಅಳಿಸದಂತೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಹೊಡೆಯಲೇಬೇಕು. ಅದನ್ನು ಟೆರೇಸಿನಲ್ಲೋ ಅಂಗಳದಲ್ಲೋ ಹೊಡೆಯಿರಿ, ಮುಚ್ಚಿದ ಕೋಣೆಯಲ್ಲಿ ಬೇಡ.

## ಹಂತ 7: ತಿದ್ದುವುದು, ಹಳದಿ ಇಡುವುದು

ತಪ್ಪಿದ ಗೆರೆಯನ್ನು ಪೂರ್ತಿ ಅಳಿಸಬೇಕಿಲ್ಲ. ಅಕ್ಕಪಕ್ಕದ ಬಣ್ಣಕ್ಕೆ ಬಿಳಿ ಸೇರಿಸಿ ಒಣ ಬ್ರಷ್ಷಿನಲ್ಲಿ ಸವರಿದರೆ ಗೆರೆ ಹಿಂದೆ ಸರಿಯುತ್ತದೆ, ಮಾಯವಾಗುವುದಿಲ್ಲ. ಡೀಬೆನ್‌ಕಾರ್ನ್ ತಿದ್ದಿದ ಗೆರೆಗಳನ್ನು ಕಾಣುವಂತೆಯೇ ಬಿಡುತ್ತಿದ್ದ. ಹಾಗೆ ಉಳಿದ ಗುರುತುಗಳಿಂದ ಚಿತ್ರಕ್ಕೆ ಆಳ ಬರುತ್ತದೆ.

ಎಲ್ಲ ಒಣಗಿದ ಮೇಲೆ ಹಳದಿ. ಒಂದೇ ಕಡೆ, ಪ್ಯಾಲೆಟ್ ನೈಫಿನಿಂದ ದಪ್ಪಗೆ. ಎಲ್ಲಿ ಅನ್ನೋದಕ್ಕೆ ಹಳದಿ ಬಳಿದ ಕಾಗದದ ತುಂಡನ್ನು ಚಿತ್ರದ ಮೇಲೆ ಸರಿಸಾಡಿ ನೋಡಿ. ನಟ್ಟನಡುವೆ ಮಾತ್ರ ಬೇಡ.

## ಕೆಡುತ್ತಿದೆ ಅನ್ನುವ ಸೂಚನೆಗಳು

ಬಣ್ಣ ಕೆಸರಾಗುತ್ತಿದೆ: ಹಸಿಯ ಮೇಲೆ ಹಸಿ ಬಳಿಯುತ್ತಿದ್ದೀರಿ, ಇಲ್ಲವೇ ನೀರು ಬದಲಿಸಿಲ್ಲ. ನಿಲ್ಲಿಸಿ, ಪೂರ್ತಿ ಒಣಗಿಸಿ, ಮೇಲೆ ಹೊಸ ಬಣ್ಣ ಒಂದೇ ಸಲಕ್ಕೆ ಇಡಿ. ಹಸಿ ಕೆಸರನ್ನು ಉಜ್ಜಿ ಸರಿಮಾಡಲು ಹೋದಷ್ಟೂ ಕೆಸರು ಜಾಸ್ತಿ.

ಚಿತ್ರ ಸುಣ್ಣ ಬಳಿದ ಹಾಗೆ ಬಿಳಿಚಿದೆ: ಪ್ರತಿ ಬಣ್ಣಕ್ಕೂ ಬಿಳಿ ಸೇರಿಸಿದ್ದೀರಿ. ಓಕರ್ ಅಥವಾ ಸಿಯೆನಾವನ್ನು ಮ್ಯಾಟ್ ಮೀಡಿಯಮ್ಮಿನಲ್ಲಿ (ಅಕ್ರಿಲಿಕ್ಕಿಗೆ ಬೆರೆಸುವ ಹೊಳಪಿಲ್ಲದ ಅಂಟುದ್ರವ) ತೆಳುಮಾಡಿ ಆ ಜಾಗಗಳ ಮೇಲೆ ಒಂದು ಪದರ ಕೊಡಿ. ಬರೀ ನೀರಿನಲ್ಲಿ ವಿಪರೀತ ತೆಳುಮಾಡಿದರೆ ಕೆಳಗಿನ ಒಣ ಪದರದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ.

ಮನೆಯವರು ನೋಡಿ ತಕ್ಷಣ 'ಇದು ಮೊಸಳೆ ಅಲ್ವಾ?' ಅಂದರು: ಯಾವುದೋ ಗೆರೆ ಸುತ್ತಿಬಂದು ಮುಚ್ಚಿಕೊಂಡಿದೆ. ಹಾಳೆ ತಿರುಗಿಸಿ ಆ ಗೆರೆ ಹುಡುಕಿ, ಒಂದು ಕಡೆ ಕಡಿಯಿರಿ.

ಒಂದು ಮೂಲೆಯನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೀರಿ: ತೊಂದರೆ ಆ ಮೂಲೆಯಲ್ಲಿಲ್ಲ, ಅದರ ಎದುರು ಮೂಲೆಯಲ್ಲಿದೆ. ಅಲ್ಲಿನ ಗಾಢ ಅಥವಾ ತಿಳಿ ಬದಲಿಸಿ ನೋಡಿ.

ಬ್ರಷ್ ತಾನಾಗಿ ಚಿಕ್ಕದಾಗುತ್ತಾ ಬಂದಿದೆ: ವಿವರ ತುಂಬಲು ಶುರು ಮಾಡಿದ್ದೀರಿ ಅಂತಲೇ ಅರ್ಥ. ಒಂದಿಂಚಿನ ಬ್ರಷ್ ಹಿಡಿದು ಒಂದು ದೊಡ್ಡ ತುಂಡನ್ನು ಮತ್ತೆ ಬಳಿಯಿರಿ, ಇಲ್ಲವೇ ಅಲ್ಲಿಗೇ ಬಿಡಿ.

## ಕೆಲಸ ಮುಗಿದ ಮೇಲೆ

ಬ್ರಷ್ಷುಗಳನ್ನು ಆಗಲೇ ಸೋಪಿನಲ್ಲಿ ತೊಳೆದು ಮಲಗಿಸಿ ಒಣಗಿಸಿ. ಅಕ್ರಿಲಿಕ್ ಕೂದಲಿನಲ್ಲಿ ಒಣಗಿದರೆ ಆ ಬ್ರಷ್ ಹೋದ ಹಾಗೆಯೇ, ರಿಗ್ಗರ್ ಅಂತೂ ಮತ್ತೆ ಚೂಪಾಗುವುದಿಲ್ಲ. ತಟ್ಟೆಯಲ್ಲಿ ಉಳಿದ ಬಣ್ಣವನ್ನು ಸಿಂಕಿಗೆ ತೊಳೆಯಬೇಡಿ, ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಒಣಗಲು ಬಿಟ್ಟರೆ ಪೊರೆಯಂತೆ ಸುಲಿದು ಕಸಕ್ಕೆ ಹಾಕಬಹುದು.

ಟೇಪ್ ತೆಗೆಯುವಾಗ ಹಾಳೆಯಿಂದ ಹೊರಕ್ಕೆ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ಚಿತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಬೇಡಿ, ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಬಟರ್ ಪೇಪರ್ ಹಾಕಿ ಇಡಿ. ಮುಂದಿನ ಚಿತ್ರ ಶುರು ಮಾಡುವಾಗ ಎರಡನೇ ಹಂತದಲ್ಲಿ ಉಳಿದ ಚೌಕಗಳಲ್ಲೇ ಇನ್ನೊಂದನ್ನು ಆರಿಸಿ. ಟ್ಯೂಬುಗಳು ಅವೇ ಐದು.